ತೂಕ ಇಳಿಸುವ ಗುಂಪಿಗೆ ಸೇರುವ ಮುಂಚೆ: ಯಾವುದು ಯಾರಿಗೆ ಹೊಂದುತ್ತದೆ

ತೂಕ ಇಳಿಸಲು ಯಾವುದಾದರೂ ಗುಂಪಿಗೋ ಕ್ಲಾಸಿಗೋ ಸೇರಬೇಕು ಅಂತ ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ತಿಂಗಳಿಗೆ ಎಷ್ಟು ಕೆಜಿ ಇಳಿಯುತ್ತೆ?" ಸೇರಿಸಿಕೊಳ್ಳುವವರ ಹತ್ತಿರವೂ ಇದಕ್ಕೆ ಉತ್ತರ ಸಿದ್ಧವಾಗಿರುತ್ತದೆ. ಆದರೆ ಮೊದಲ ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ತೂಕ ಇಳಿಯುತ್ತದೆ. ಊಟ ಕಡಿಮೆಯಾದ ಕೂಡಲೇ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟಿದ್ದ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಖರ್ಚಾಗುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ, ಅದೂ ಹೊರಟುಹೋಗುತ್ತದೆ. ತಕ್ಕಡಿಯ ಮುಳ್ಳು ಇಳಿಯುತ್ತದೆ, ಕೊಬ್ಬು ಮಾತ್ರ ಇನ್ನೂ ಹಾಗೇ ಇರುತ್ತದೆ. ಹಾಗಾಗಿ ಮೊದಲ ಎರಡು ವಾರದ ಅಂಕಿ ನೋಡಿ ಗುಂಪಿನ ಯೋಗ್ಯತೆ ಅಳೆಯಲು ಬರುವುದಿಲ್ಲ.

ನಾನು ಕೇಳಿ ಅಂತ ಹೇಳುವ ಪ್ರಶ್ನೆ ಬೇರೆ. ತೂಕ ಇಳಿಯದ ವಾರ, ಅಥವಾ ಏರಿಬಿಟ್ಟ ವಾರ, ಇಲ್ಲಿ ನನ್ನನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಅಂಥ ವಾರ ಎಲ್ಲರಿಗೂ ಬರುತ್ತದೆ. ಜನ ಗುಂಪು ಬಿಡುವುದೂ ಸಾಮಾನ್ಯವಾಗಿ ಆ ವಾರದಲ್ಲೇ. ಕೆಳಗಿನ ಹೋಲಿಕೆಯನ್ನೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದೇನೆ.

ವಾರಕ್ಕೊಮ್ಮೆ ಸೇರುವ ಸಭೆಗಳು

ತೂಕದ ಗುಂಪು ಅಂದರೆ ಜಗತ್ತಿನ ಬಹುತೇಕ ಕಡೆ ಇದೇ ಮಾದರಿ. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಗೃಹಿಣಿ ಜೀನ್ ನಿಡೆಚ್ 1961ರಲ್ಲಿ ತನ್ನ ಹಾಗೇ ತೂಕದ ಜೊತೆ ಗುದ್ದಾಡುತ್ತಿದ್ದ ಗೆಳತಿಯರನ್ನು ಮನೆಗೆ ಕರೆದು ಮಾತಿಗೆ ಕೂರಿಸಿದರು. 1963ರಲ್ಲಿ ಅದು ವೇಟ್ ವಾಚರ್ಸ್ ಎಂಬ ಕಂಪನಿಯಾಯಿತು. ಬ್ರಿಟನ್ನಿನ ಸ್ಲಿಮ್ಮಿಂಗ್ ವರ್ಲ್ಡ್ ಶುರುವಾದದ್ದು 1969ರಲ್ಲಿ. ಹೆಸರು ಯಾವುದೇ ಇರಲಿ, ಚೌಕಟ್ಟು ಒಂದೇ ಥರ: ವಾರಕ್ಕೊಮ್ಮೆ ತೂಕ ನೋಡುವುದು, ಊಟದ ಒಂದು ಯೋಜನೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮಾತುಕತೆ, ನಡೆಸಲು ಒಬ್ಬ ಮುಂದಾಳು. ಆ ಮುಂದಾಳು ಎಷ್ಟೋ ಸಲ ಅದೇ ದಾರಿಯಲ್ಲಿ ತೂಕ ಇಳಿಸಿಕೊಂಡವರೇ ಆಗಿರುತ್ತಾರೆ, ವೈದ್ಯರಲ್ಲ.

ಈ ಮಾದರಿಯ ಬಗ್ಗೆ ಒಳ್ಳೆಯ ಪರೀಕ್ಷೆಗಳೇ ನಡೆದಿವೆ. 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ 1,267 ಜನರನ್ನು ಚೀಟಿ ಎತ್ತಿದಂತೆ ಮೂರು ಪಂಗಡವಾಗಿ ಹಂಚಿದ್ದರು. ಒಂದು ಪಂಗಡಕ್ಕೆ ಬರೀ ಸಣ್ಣ ಸಲಹೆ ಮತ್ತು ಪುಸ್ತಿಕೆ, ಇನ್ನೊಂದಕ್ಕೆ 12 ವಾರದ ಗುಂಪು, ಮೂರನೆಯದಕ್ಕೆ 52 ವಾರದ ಗುಂಪು. ವರ್ಷದ ಕೊನೆಗೆ ಸರಾಸರಿ ಇಳಿಕೆ ಕ್ರಮವಾಗಿ 3.3, 4.8 ಮತ್ತು 6.8 ಕೆಜಿ. ಎರಡನೇ ವರ್ಷದ ಕೊನೆಗೆ ಉಳಿದದ್ದು 2.3, 3.0 ಮತ್ತು 4.3 ಕೆಜಿ.

ಈ ಅಂಕಿಗಳನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಒಂದು ವರ್ಷ ಪೂರ್ತಿ ಗುಂಪಿಗೆ ಹೋಗುವ ಅವಕಾಶವಿದ್ದವರ ಸರಾಸರಿಯೇ ಏಳು ಕೆಜಿ ದಾಟಿಲ್ಲ. ಯಾರಾದರೂ "ಮೂರು ತಿಂಗಳಲ್ಲಿ ಗ್ಯಾರಂಟಿ 15 ಕೆಜಿ" ಅಂದರೆ ಈ ಸಾಲು ನೆನಪಿರಲಿ. ಇನ್ನೊಂದು ವಿಷಯ: 12 ವಾರದ ಕೋರ್ಸಿಗೂ ವರ್ಷದ ಕೋರ್ಸಿಗೂ ವ್ಯತ್ಯಾಸ ಸ್ಪಷ್ಟವಾಗಿದೆ. ಗುಂಪಿನಿಂದ ಸಿಗುವ ಮುಖ್ಯ ಲಾಭವೇ ಬಹಳ ಕಾಲ ಜೊತೆಗಿರುವುದು. ಹಾಗಾಗಿ ಎರಡು ಗುಂಪುಗಳ ಮಧ್ಯೆ ತೂಗಾಡುತ್ತಿದ್ದರೆ, ಮೂರು ತಿಂಗಳು ಬಿಗಿಯಾಗಿ ನಡೆಸಿ ಕೈಬಿಡುವುದಕ್ಕಿಂತ ಸಾಧಾರಣ ವೇಗದಲ್ಲಿ ವರ್ಷವಿಡೀ ಬಾಗಿಲು ತೆರೆದಿಟ್ಟಿರುವುದೇ ನನ್ನ ಆಯ್ಕೆ. ಕೋರ್ಸು ಮುಗಿದ ಮೇಲೂ ಬಂದು ತೂಕ ನೋಡಿಕೊಂಡು ಹೋಗಬಹುದೇ ಅಂತ ಸೇರುವ ದಿನವೇ ಕೇಳಿಬಿಡಿ.

ತಕ್ಕಡಿಯ ಮುಂದಿನ ಐದು ನಿಮಿಷ

ಫೀಸು ಕಟ್ಟುವ ಮುಂಚೆ ಒಂದು ದಿನ ಸುಮ್ಮನೆ ಹೋಗಿ ಕೂರಿ. ಬಹಳಷ್ಟು ಕಡೆ ಒಂದು ದಿನ ಬಿಟ್ಟಿಯಾಗಿ ಬಿಡುತ್ತಾರೆ. ಬಿಡುವುದಿಲ್ಲ ಅಂದರೆ ಅದೂ ಒಂದು ಸೂಚನೆಯೇ. ಹೋದಾಗ ಗೋಡೆಯ ಮೇಲಿನ ಫೋಟೋ ನೋಡಬೇಡಿ, ತೂಕ ನೋಡುವ ಜಾಗ ನೋಡಿ.

ನಾನು ಕೂತು ನೋಡಿದ ಒಂದು ಗುಂಪಿನಲ್ಲಿ ತಕ್ಕಡಿ ಇದ್ದದ್ದು ಎಲ್ಲರ ನಡುವೆ. ಒಬ್ಬೊಬ್ಬರೇ ಹತ್ತುವುದು, ಮುಂದಾಳು ಗಟ್ಟಿಯಾಗಿ ಅಂಕಿ ಓದುವುದು, ಇಳಿದವರಿಗೆ ಚಪ್ಪಾಳೆ. ಮಧ್ಯವಯಸ್ಸಿನ ಒಬ್ಬ ಹೆಂಗಸು ತಮ್ಮ ಸರದಿ ಬರುವ ಮುಂಚೆ ಚಪ್ಪಲಿ ಬಿಟ್ಟರು, ಬಳೆ ತೆಗೆದಿಟ್ಟರು, ಕಿವಿಯೋಲೆಯನ್ನೂ ಬಿಚ್ಚಿದರು. ಅಂಕಿ ಹೋದ ವಾರಕ್ಕಿಂತ ಮುನ್ನೂರು ಗ್ರಾಂ ಜಾಸ್ತಿ ಬಂತು. ಮುಂದಾಳು "ಈ ವಾರ ಏನು ತಿಂದ್ರಿ ಹೇಳಿ" ಅಂದರು, ಎಲ್ಲರೂ ನಕ್ಕರು. ಅವರೂ ನಗಲು ನೋಡಿದರು, ಆದರೆ ಕಣ್ಣು ನೆಲದ ಮೇಲಿತ್ತು. ಮುನ್ನೂರು ಗ್ರಾಂ ಅನ್ನುವುದು ಒಂದು ದೊಡ್ಡ ಲೋಟ ನೀರಿನ ತೂಕ. ಉಪ್ಪು ಜಾಸ್ತಿಯಾದರೂ, ಮುಟ್ಟಿನ ದಿನ ಹತ್ತಿರ ಬಂದರೂ, ಮಲಬದ್ಧತೆಯಿದ್ದರೂ ತೂಕ ಒಂದೆರಡು ಕೆಜಿ ಹಿಂದೆಮುಂದೆ ಆಗುತ್ತದೆ. ಇದು ಗೊತ್ತಿಲ್ಲದ ಮುಂದಾಳು, ಅಥವಾ ಗೊತ್ತಿದ್ದೂ ಹೇಳದ ಮುಂದಾಳು, ನಿಮಗೆ ಬೇಡ.

ಒಳ್ಳೆಯ ಗುಂಪಿನಲ್ಲಿ ತೂಕ ಮರೆಯಲ್ಲಿ ನೋಡುತ್ತಾರೆ. ಅಂಕಿಯನ್ನು ನಿಮಗೆ ಮಾತ್ರ ತೋರಿಸಿ ನಿಮ್ಮ ಪುಸ್ತಕದಲ್ಲಿ ಬರೆಯುತ್ತಾರೆ. "ಇವತ್ತು ನನಗೆ ನೋಡುವುದು ಬೇಡ" ಅಂದರೆ ಸರಿ ಅನ್ನುತ್ತಾರೆ. ಏರಿದ್ದರೆ ಒಂದು ವಾರದ ಅಂಕಿಯನ್ನು ಬಿಟ್ಟು ನಾಲ್ಕು ವಾರದ ಸಾಲು ನೋಡುತ್ತಾರೆ. ಆಮೇಲೆ ನಿದ್ದೆ ಹೇಗಿತ್ತು, ಮನೆಯಲ್ಲಿ ಯಾರಿಗಾದರೂ ಹುಷಾರಿರಲಿಲ್ಲವೇ, ಕೆಲಸದ ಒತ್ತಡವಿತ್ತೇ ಅಂತ ವಿಚಾರಿಸಿ, ಮುಂದಿನ ವಾರಕ್ಕೆ ಬದಲಾಯಿಸಬಹುದಾದ ಒಂದೇ ಒಂದು ವಿಷಯವನ್ನು ಜೊತೆಗೆ ಕೂತು ಹುಡುಕುತ್ತಾರೆ. ಇಂಥ ಮುಂದಾಳು ಸಿಕ್ಕರೆ ಗುಂಪಿನ ಹೆಸರು, ಹಾಲ್‌ನ ಅಂದಚಂದ ಯಾವುದನ್ನೂ ನೋಡಬೇಕಾಗಿಲ್ಲ.

ಸ್ವಸಹಾಯದ ಗುಂಪುಗಳು

ಕಂಪನಿಯಿಲ್ಲದೆ ಸದಸ್ಯರೇ ನಡೆಸಿಕೊಳ್ಳುವ ಗುಂಪುಗಳೂ ಇವೆ. ಅಮೆರಿಕದ ಮಿಲ್ವಾಕೀಯಲ್ಲಿ ಎಸ್ತರ್ ಮ್ಯಾಂಜ್ 1948ರಲ್ಲಿ ಶುರುಮಾಡಿದ ಟಾಪ್ಸ್ ಈ ಬಗೆಯದು. ಲಾಭದ ಉದ್ದೇಶವಿಲ್ಲ, ಖರ್ಚು ಕಡಿಮೆ. 1960ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಓವರ್‌ಈಟರ್ಸ್ ಅನಾನಿಮಸ್ ಇನ್ನೂ ಬೇರೆ. ಕುಡಿತ ಬಿಡುವವರ ಹನ್ನೆರಡು ಹೆಜ್ಜೆಯ ದಾರಿಯನ್ನೇ ಊಟಕ್ಕೆ ಹೊಂದಿಸಿಕೊಂಡ ಗುಂಪು ಅದು. ಅಲ್ಲಿ ಫೀಸಿಲ್ಲ, ತಕ್ಕಡಿಯಿಲ್ಲ, ಊಟದ ಪಟ್ಟಿ ಕೊಡುವವರೂ ಇಲ್ಲ.

ಇವೆರಡನ್ನೂ ಒಂದೇ ಅಳತೆಯಲ್ಲಿ ಹೋಲಿಸುವುದು ಸರಿಯಲ್ಲ. ಏನು ತಿನ್ನಬೇಕು ಅಂತ ಗೊತ್ತಿದೆ, ಆದರೆ ಒಬ್ಬರೇ ನಿಭಾಯಿಸಲು ಆಗುತ್ತಿಲ್ಲ ಅನ್ನುವವರಿಗೆ ಟಾಪ್ಸ್ ಮಾದರಿ ಸಾಕು. ಬೇಜಾರಾದಾಗ, ಒಂಟಿತನ ಕಾಡಿದಾಗ ಕೈ ತಾನಾಗಿ ತಿಂಡಿ ಡಬ್ಬಿಗೆ ಹೋಗುತ್ತದೆ, ತಿಂದ ಮೇಲೆ ನಾಚಿಕೆ ಆವರಿಸುತ್ತದೆ ಅನ್ನುವವರಿಗೆ ಕ್ಯಾಲೊರಿ ಎಣಿಸುವ ಕ್ಲಾಸಿಗಿಂತ ಮಾತಾಡಲು ಜಾಗ ಕೊಡುವ ಗುಂಪು ಹತ್ತಿರವಾಗಬಹುದು. ಆದರೆ ಒಮ್ಮೆಗೇ ವಿಪರೀತ ತಿನ್ನುವುದು, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ದಿನಗಟ್ಟಲೆ ಉಪವಾಸ ಬೀಳುವುದು ಇದ್ದರೆ ಮೊದಲು ಹೋಗಬೇಕಾದದ್ದು ಮನೋವೈದ್ಯರ ಹತ್ತಿರ. ತೂಕ ಇಳಿಸುವ ಯಾವ ಗುಂಪೂ ಅದಕ್ಕೆ ಬದಲಿಯಲ್ಲ. ವಾರವಾರ ತೂಕ ನೋಡುವ ಗುಂಪಂತೂ ಅಂಥವರಿಗೆ ಹಾನಿಯನ್ನೇ ಮಾಡಬಹುದು.

ವೈದ್ಯರು, ಡಯಟಿಷಿಯನ್ ನಡೆಸುವ ತರಗತಿಗಳು

ರಕ್ತದಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದಿದ್ದರೆ, ರಕ್ತದೊತ್ತಡ ಇದ್ದರೆ, ಮಂಡಿ ನೋವಿದ್ದರೆ ಸಾಧ್ಯವಾದಷ್ಟೂ ಇದನ್ನೇ ಹುಡುಕಿ. ಇದರ ಬೆನ್ನಿಗಿರುವ ಆಧಾರ ಗಟ್ಟಿಯಾದದ್ದು. ಅಮೆರಿಕದ ಮಧುಮೇಹ ತಡೆ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಮಧುಮೇಹದ ಅಂಚಿನಲ್ಲಿದ್ದ 3,234 ಜನ ಅದರಲ್ಲಿದ್ದರು. ಗುರಿ ಎರಡೇ: ದೇಹತೂಕದಲ್ಲಿ ಶೇ. 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ. ಈ ಜೀವನಕ್ರಮದ ಪಾಠ ಪಡೆದವರಲ್ಲಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ಪಡೆದವರಲ್ಲಿ ಕಡಿಮೆಯಾದದ್ದು ಶೇ. 31.

ಮೂಲ ಅಧ್ಯಯನದಲ್ಲಿ ಪಾಠ ಒಬ್ಬೊಬ್ಬರಿಗೇ ನಡೆದಿತ್ತು. ಆಮೇಲೆ ಅದನ್ನೇ ಗುಂಪಿನ ತರಗತಿಯಾಗಿ ಮಾರ್ಪಡಿಸಿದರು. ಅದರ ಕ್ರಮ ಬೇರೆ ಎಲ್ಲೇ ಸೇರುವಾಗಲೂ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ: ಒಟ್ಟು ಒಂದು ವರ್ಷ, ಮೊದಲ ಆರು ತಿಂಗಳಲ್ಲಿ 16 ತರಗತಿ, ಉಳಿದ ಆರು ತಿಂಗಳಲ್ಲಿ ತಿಂಗಳಿಗೊಂದಾದರೂ. ನೀವು ನೋಡುತ್ತಿರುವ ಗುಂಪಿನಲ್ಲಿ ಎರಡನೇ ಆರು ತಿಂಗಳಿಗೆ ಏನೂ ಯೋಜನೆಯಿಲ್ಲ ಅಂದರೆ ಅದು ಅರ್ಧ ಕೋರ್ಸು ಅಂತಲೇ ತಿಳಿಯಿರಿ.

ಇದರ ಕಷ್ಟವೂ ಇದೆ. ತರಗತಿಗಳು ಹೆಚ್ಚಾಗಿ ಕೆಲಸದ ಸಮಯದಲ್ಲೇ ಇರುತ್ತವೆ, ಮಾತು ಕೆಲವೊಮ್ಮೆ ಪಾಠದಂತೆ ಒಣಗಿರುತ್ತದೆ, ಗೆಳೆತನ ಬೆಳೆಯುವುದು ನಿಧಾನ. ಆದರೂ ಔಷಧಿ ತೆಗೆದುಕೊಳ್ಳುವವರಿಗೆ ಬೇರೆ ದಾರಿಯಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಸಕ್ಕರೆ ಇಳಿಸುವ ಮಾತ್ರೆ ನಡೆಯುತ್ತಿರುವಾಗ ಊಟ ಒಮ್ಮೆಗೇ ಕಡಿಮೆಯಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು, ಡೋಸ್ ಬದಲಾಯಿಸಬೇಕಾಗುತ್ತದೆ. ದಿನಕ್ಕೆ 800 ಕ್ಯಾಲೊರಿ ಅಥವಾ ಅದಕ್ಕಿಂತ ಕಡಿಮೆಯ ಆಹಾರ ಹೇಳುವ ಯಾವುದೇ ಕಾರ್ಯಕ್ರಮ ವೈದ್ಯರ ಕಣ್ಣಳತೆಯಲ್ಲೇ ನಡೆಯಬೇಕು. ತೂಕ ತುಂಬಾ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಗರ್ಭಿಣಿಯರು ಇಂಥ ಯಾವುದಕ್ಕೂ ಸೇರಬಾರದು.

ನಿಮಗೆ ತೂಕ ಇಳಿಸುವ ಅಗತ್ಯ ಇದೆಯೇ ಅನ್ನುವುದನ್ನೂ ಇಲ್ಲೇ ಕೇಳಿ. ಸಾಮಾನ್ಯವಾಗಿ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ) 25 ದಾಟಿದರೆ ಅಧಿಕ ತೂಕ ಅನ್ನುತ್ತಾರೆ. ಆದರೆ ಏಷ್ಯಾದ ಜನರಲ್ಲಿ ಅದಕ್ಕಿಂತ ಮುಂಚೆಯೇ ಮಧುಮೇಹ, ಹೃದಯದ ತೊಂದರೆ ಕಾಣಿಸಿಕೊಳ್ಳುವುದರಿಂದ 23 ಮತ್ತು 27.5ರ ಮಟ್ಟದಲ್ಲೇ ಎಚ್ಚರವಹಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ 2004ರಲ್ಲಿ ಹೇಳಿದೆ. ಬಿಎಂಐ 21 ಇದ್ದವರನ್ನೂ "ಇನ್ನೊಂದು ಐದು ಕೆಜಿ ಇಳಿಸಿ" ಅಂತ ಸೇರಿಸಿಕೊಳ್ಳುವ ಕ್ಲಾಸು ನಿಮ್ಮ ಆರೋಗ್ಯವನ್ನು ನೋಡುತ್ತಿಲ್ಲ.

ಬರೀ ವ್ಯಾಯಾಮದ ಬ್ಯಾಚುಗಳು

ಜಿಮ್, ಏರೋಬಿಕ್ಸ್, ಜುಂಬಾ, ಯೋಗ, ಬೆಳಗಿನ ನಡಿಗೆಯ ಬಳಗ ಎಲ್ಲ ಇಲ್ಲಿ ಬರುತ್ತವೆ. "ಸ್ಲಿಮ್ಮಿಂಗ್ ಕ್ಲಾಸ್" ಅನ್ನುವ ಬೋರ್ಡಿನ ಕೆಳಗೆ ಇರುವುದು ಬಹಳಷ್ಟು ಸಲ ಇಂಥದ್ದೇ. ಇವು ಮನಸ್ಸಿಗೆ, ಹೃದಯಕ್ಕೆ, ನಿದ್ದೆಗೆ ನಿಜವಾಗಿಯೂ ಒಳ್ಳೆಯವು, ಸೇರಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ತೂಕ ಇಳಿಸುವುದೊಂದೇ ಗುರಿಯಾದರೆ ಲೆಕ್ಕ ಹಾಕಿ ನೋಡಿ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿಯಿದೆ. ಎಪ್ಪತ್ತು ಕೆಜಿಯ ವ್ಯಕ್ತಿ ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಮುನ್ನೂರು ಕ್ಯಾಲೊರಿಯ ಆಸುಪಾಸು. ಊಟ ಹಾಗೇ ಇದ್ದು ಬರೀ ನಡಿಗೆಯಿಂದ ಒಂದು ಕೆಜಿ ಇಳಿಯಲು ಸುಮಾರು ಇಪ್ಪತ್ತೈದು ಗಂಟೆ ಬೇಕು. ಅದೂ ನಡೆದು ಬಂದ ಹಸಿವಿಗೆ ಒಂದು ತುತ್ತೂ ಹೆಚ್ಚು ತಿನ್ನದೆ ಇದ್ದರೆ!

ವ್ಯಾಯಾಮದ ನಿಜವಾದ ಬೆಲೆ ಗೊತ್ತಾಗುವುದು ತೂಕ ಇಳಿದ ಮೇಲೆ, ಅದನ್ನು ಉಳಿಸಿಕೊಳ್ಳುವಾಗ. ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಎಂಬ ಸಂಶೋಧಕರು 1994ರಲ್ಲಿ ಅಮೆರಿಕದಲ್ಲಿ ಒಂದು ದಾಖಲೆಪಟ್ಟಿ ಶುರುಮಾಡಿದರು, ಸುಮಾರು 13.6 ಕೆಜಿಗಿಂತ ಹೆಚ್ಚು ಇಳಿಸಿ ಕನಿಷ್ಠ ಒಂದು ವರ್ಷ ಹಾಗೇ ಉಳಿಸಿಕೊಂಡವರು ಮಾತ್ರ ಅದಕ್ಕೆ ಸೇರಬಹುದು. ಅದರಲ್ಲಿರುವ ಬಹುಪಾಲು ಜನ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದಣಿಸುತ್ತಾರೆ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಹಾಗಾಗಿ ನನ್ನ ಸಲಹೆ: ಮೊದಲ ಆರು ತಿಂಗಳು ಊಟದ ಬಗ್ಗೆ ಮಾತಾಡುವ ಗುಂಪು ಮುಖ್ಯವಾಗಿರಲಿ, ನಡಿಗೆ ಜೊತೆಗಿರಲಿ. ಆಮೇಲೆ ವ್ಯಾಯಾಮದ ಬ್ಯಾಚು ಮುಖ್ಯವಾಗಲಿ. ಎರಡಕ್ಕೂ ಒಟ್ಟಿಗೆ ದುಡ್ಡು ಸುರಿಯಬೇಕಾಗಿಲ್ಲ. ಬ್ಯಾಚು ಆರಿಸುವಾಗ ಭಾರ ಎತ್ತುವ ಅಥವಾ ದೇಹದ ಭಾರವನ್ನೇ ಬಳಸುವ ಸ್ನಾಯುಬಲದ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಇದೆಯೇ ನೋಡಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದನ್ನು ತಡೆಯುವುದು ಇದೇ.

ಹೊಟ್ಟೆ ಮಾತ್ರ ಕರಗಿಸುವ ಕ್ಲಾಸು, ನಡುಗುವ ಬೆಲ್ಟು, ಬೆವರು ಹರಿಸುವ ಜಾಕೆಟ್ಟು: ದೇಹದ ಒಂದೇ ಭಾಗದ ಕೊಬ್ಬನ್ನು ಆರಿಸಿ ಕರಗಿಸಲು ವ್ಯಾಯಾಮಕ್ಕೆ ಆಗುವುದಿಲ್ಲ, ಬೆವರಲ್ಲಿ ಹೋಗುವುದು ನೀರು.

ಡಬ್ಬಿ ಮಾರುವ ಗುಂಪುಗಳು

ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಹೊರಗಿನಿಂದ ನೋಡಿದರೆ ಇದೂ ಪ್ರೀತಿಯ ಬಳಗವೇ. ಬೆಳಿಗ್ಗೆ ಎಲ್ಲರೂ ಸೇರುತ್ತಾರೆ, ಪುಡಿ ಕಲಸಿದ ಶೇಕ್ ಕುಡಿಯುತ್ತಾರೆ, ಕೋಚ್ ನಿಮ್ಮ ಹೆಸರು ಹಿಡಿದು ಮಾತಾಡಿಸುತ್ತಾರೆ. ಆದರೆ ಅವರ ಆದಾಯ ಬರುವುದು ನೀವು ಕೊಳ್ಳುವ ಡಬ್ಬಿಯಿಂದ. ಕೆಲವು ತಿಂಗಳಾದ ಮೇಲೆ "ನೀವೂ ಕೋಚ್ ಆಗಿ, ಇನ್ನೂ ನಾಲ್ಕು ಜನರನ್ನು ಸೇರಿಸಿ" ಅನ್ನುವ ಮಾತು ಬರುತ್ತದೆ. ಆಗ ನಿಮ್ಮ ತಂಗಿ, ಓರಗಿತ್ತಿ, ಆಫೀಸಿನ ಗೆಳತಿ ಎಲ್ಲರೂ ಗಿರಾಕಿಗಳಾಗಿ ಕಾಣಲು ಶುರುವಾಗುತ್ತಾರೆ. ಊಟದ ಬದಲು ಶೇಕ್ ಕುಡಿದರೆ ಕ್ಯಾಲೊರಿ ಕಡಿಮೆಯಾಗಿ ತೂಕ ಇಳಿಯುವುದು ನಿಜ. ಆದರೆ ಡಬ್ಬಿ ನಿಂತ ದಿನ ತಟ್ಟೆಯ ಮುಂದೆ ಕೂತಾಗ ಏನು ಮಾಡಬೇಕು ಅನ್ನುವುದನ್ನು ಅಲ್ಲಿ ಕಲಿಸಿರುವುದಿಲ್ಲ. ತೂಕ ಏರಿದ ವಾರ ಸಿಗುವ ಉತ್ತರ ಇನ್ನೊಂದು ಡಬ್ಬಿ.

ಒಂದೇ ಪ್ರಶ್ನೆ ಸಾಕು: "ನಾನು ಇಲ್ಲಿ ಏನೂ ಕೊಳ್ಳದೆ, ನನ್ನ ಮನೆ ಊಟದಲ್ಲೇ ಈ ಕಾರ್ಯಕ್ರಮ ಮಾಡಬಹುದೇ?" ಉತ್ತರ ಸುತ್ತಿಬಳಸಿ ಬಂದರೆ ಎದ್ದು ಬನ್ನಿ.

ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ತೂಕದ ಜಾಹೀರಾತುಗಳಲ್ಲಿ ಸುಳ್ಳನ್ನು ಗುರುತಿಸಲು ಕೆಲವು ಮಾತುಗಳ ಪಟ್ಟಿ ಕೊಟ್ಟಿದೆ. ಏನು ಬೇಕಾದರೂ ಎಷ್ಟು ಬೇಕಾದರೂ ತಿಂದು ಇಳಿಸಬಹುದು. ಬಳಸುವ ಎಲ್ಲರಿಗೂ ಇಳಿಯುತ್ತದೆ. ನಿಲ್ಲಿಸಿದ ಮೇಲೂ ಶಾಶ್ವತವಾಗಿ ಹಾಗೇ ಇರುತ್ತದೆ. ಹಚ್ಚಿಕೊಂಡರೆ ಅಥವಾ ಕಟ್ಟಿಕೊಂಡರೆ ಕರಗುತ್ತದೆ. ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ವಾರಕ್ಕೆ 1.4 ಕೆಜಿಗಿಂತ ಜಾಸ್ತಿ ಸುರಕ್ಷಿತವಾಗಿ ಇಳಿಯುತ್ತದೆ. ಇವುಗಳಲ್ಲಿ ಯಾವುದೇ ಒಂದು ಮಾತು ಕರಪತ್ರದಲ್ಲಿ ಕಂಡರೂ ಉಳಿದದ್ದನ್ನು ಓದುವ ಶ್ರಮ ಬೇಡ.

ಆನ್‌ಲೈನ್ ಮತ್ತು ವಾಟ್ಸಾಪ್ ಗುಂಪುಗಳು

ಚಿಕ್ಕ ಮಕ್ಕಳಿರುವವರಿಗೆ, ಪಾಳಿಯಲ್ಲಿ ಕೆಲಸ ಮಾಡುವವರಿಗೆ, ಎಲ್ಲರೆದುರು ಬರಲು ಹಿಂಜರಿಯುವವರಿಗೆ ಇದು ಅನುಕೂಲ. ತಟ್ಟೆಯ ಫೋಟೋ ಹಾಕುವುದು, ನಡೆದ ಹೆಜ್ಜೆ ಬರೆಯುವುದು ಕೆಲವರಿಗೆ ನಿಜಕ್ಕೂ ಹಿಡಿತ ಕೊಡುತ್ತದೆ. ತೊಂದರೆಯೆಂದರೆ ಮೌನವಾಗುವುದು ಬಹಳ ಸುಲಭ. ಹಾಲಿನಲ್ಲಿ ನಿಮ್ಮ ಖಾಲಿ ಕುರ್ಚಿ ಎಲ್ಲರಿಗೂ ಕಾಣುತ್ತದೆ, ನೂರೈವತ್ತು ಜನರ ವಾಟ್ಸಾಪ್ ಗುಂಪಿನಲ್ಲಿ ನೀವು ಸುಮ್ಮನಾದದ್ದು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಸಣ್ಣ ಗುಂಪು, ನಿಗದಿತ ದಿನದ ವಿಡಿಯೊ ಭೇಟಿ, ಎರಡು ವಾರ ಕಾಣದಿದ್ದರೆ ಫೋನ್ ಮಾಡುವ ಒಬ್ಬರು: ಈ ಮೂರೂ ಇದ್ದರೆ ಮಾತ್ರ ದುಡ್ಡು ಕೊಡಿ. 21 ದಿನ, 30 ದಿನದ ಸ್ಪರ್ಧೆಗಳು ನನಗೆ ಹಿಡಿಸುವುದಿಲ್ಲ. ಗೆಲ್ಲಬೇಕೆಂದು ಕೊನೆಯ ದಿನ ನೀರು ಬಿಟ್ಟು ತಕ್ಕಡಿ ಹತ್ತುವವರೂ ಇರುತ್ತಾರೆ. ಇನ್ನು ತೂಕ, ಫೋಟೋ, ಕಾಯಿಲೆಯ ವಿವರ ಯಾರ ಕೈಯಲ್ಲಿ ಇರುತ್ತದೆ, ಬಿಟ್ಟುಹೋದಾಗ ಅಳಿಸುತ್ತಾರೆಯೇ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ.

ತೂಕದ ಚುಚ್ಚುಮದ್ದು ತೆಗೆದುಕೊಳ್ಳುವವರೂ ಈಗ ಗುಂಪು ಹುಡುಕುತ್ತಿದ್ದಾರೆ. ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದಿನಿಂದ 68 ವಾರದಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿದದ್ದೂ, ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರಲ್ಲಿ ಮೂರನೇ ಎರಡರಷ್ಟು ವಾಪಸ್ ಬಂದದ್ದೂ ಅಧ್ಯಯನಗಳಲ್ಲಿ ದಾಖಲಾಗಿದೆ. ಇಂಥವರಿಗೆ ಬೇಕಾದದ್ದು ಪ್ರೋಟೀನು, ಸ್ನಾಯುಬಲ ಮತ್ತು ವಾಕರಿಕೆಯಂಥ ಅಡ್ಡಪರಿಣಾಮಗಳ ಬಗ್ಗೆ ಬಲ್ಲ ಗುಂಪು. "ಸೂಜಿಯಿಂದ ಇಳಿಸಿದ್ದು ಇಳಿಕೆಯೇ ಅಲ್ಲ" ಅಂತ ಮೂದಲಿಸುವ ಜಾಗದಲ್ಲಿ ಕೂರಬೇಡಿ.

ಕೊನೆಗೆ ತೀರ್ಮಾನಿಸುವಾಗ

ದೂರ ಮತ್ತು ಸಮಯಕ್ಕೆ ನಾವು ಕೊಡಬೇಕಾದಷ್ಟು ಬೆಲೆ ಕೊಡುವುದಿಲ್ಲ. ನಾಲ್ಕು ವಾರ ಉತ್ಸಾಹದಿಂದ ಎಷ್ಟು ದೂರವಾದರೂ ಹೋಗುತ್ತೇವೆ. ಐದನೇ ವಾರ ಮಳೆ ಬಂದರೆ, ಮನೆಗೆ ನೆಂಟರು ಬಂದರೆ ಮೊದಲು ತಪ್ಪುವುದು ಅದೇ. ಸುಸ್ತಾದ ದಿನವೂ ಹೋಗಬಹುದಾದಷ್ಟು ಹತ್ತಿರವಿರುವ ಸಾಧಾರಣ ಗುಂಪು ನನ್ನ ಲೆಕ್ಕದಲ್ಲಿ ದೂರದ ಹೆಸರಾಂತ ಗುಂಪಿಗಿಂತ ಮೇಲು. ಮುಂದಾಳು ಅವಮಾನ ಮಾಡುವವರಾಗಿದ್ದರೆ ಮಾತ್ರ ಪಕ್ಕದ ಮನೆಯಲ್ಲಿದ್ದರೂ ಬೇಡ.

ಮುಂದಾಳನ್ನು ಕೇಳುವುದಕ್ಕಿಂತ ಹಳೆಯ ಸದಸ್ಯರನ್ನು ಕೇಳಿ. ಒಂದು ವರ್ಷದ ಹಿಂದೆ ನಿಮ್ಮ ಜೊತೆ ಸೇರಿದವರಲ್ಲಿ ಈಗ ಯಾರು ಯಾರು ಬರುತ್ತಾರೆ? ಬಿಟ್ಟವರು ಯಾಕೆ ಬಿಟ್ಟರು? ಗೋಡೆಯ ಮೇಲಿನ ಫೋಟೋದಲ್ಲಿರುವವರು ಈಗ ಹೇಗಿದ್ದಾರೆ? ಫೀಸಿನ ವಿಷಯದಲ್ಲಿ ತಿಂಗಳಿಗೆ ತಿಂಗಳು ಕಟ್ಟುವ ವ್ಯವಸ್ಥೆಯೇ ಇರಲಿ. ವರ್ಷದ ಹಣ ಇವತ್ತೇ ಕಟ್ಟಿದರೆ ಅರ್ಧ ರಿಯಾಯಿತಿ ಅನ್ನುವವರ ಹತ್ತಿರ, ಮಧ್ಯೆ ಬಿಟ್ಟರೆ ಎಷ್ಟು ವಾಪಸ್ ಅಂತ ಬರೆಸಿಕೊಳ್ಳಿ.

ಸೇರುವ ದಿನ ತೂಕದ ಜೊತೆಗೆ ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಬರೆದಿಟ್ಟುಕೊಳ್ಳಿ. ದೇಹತೂಕದ ಶೇ. 5 ಇಳಿದರೂ, ಅಂದರೆ 80 ಕೆಜಿ ಇರುವವರಿಗೆ 4 ಕೆಜಿ ಇಳಿದರೂ, ಇವುಗಳಲ್ಲಿ ಸುಧಾರಣೆ ಕಾಣುವುದಿದೆ. ಮೂರು ತಿಂಗಳ ನಂತರ ಮತ್ತೆ ನೋಡಿ. ಏನೂ ಬದಲಾಗಿಲ್ಲ, ಮುಂದಾಳಿಗೂ ಕಾರಣ ಹುಡುಕುವ ಆಸಕ್ತಿಯಿಲ್ಲ ಅನ್ನಿಸಿದರೆ ಬೇರೆ ಗುಂಪು ನೋಡಿ. ಅದಕ್ಕೂ ಮುಂಚೆ ವೈದ್ಯರ ಹತ್ತಿರ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಸ್ಟೀರಾಯ್ಡ್ ಅಥವಾ ಖಿನ್ನತೆಯ ಮಾತ್ರೆ ನಡೆಯುತ್ತಿದ್ದರೆ ಅದರಿಂದ ತೂಕ ಏರುತ್ತಿದೆಯೇ ಅಂತ ಕೇಳಿ. ಮಾತ್ರೆಯನ್ನು ನೀವಾಗಿ ಮಾತ್ರ ನಿಲ್ಲಿಸಬೇಡಿ. ಎಚ್‌ಬಿಎ1ಸಿ ಮಾಡಿಸುವುದಾದರೆ ಮೂರು ತಿಂಗಳು ತುಂಬಲಿ. ಆ ಪರೀಕ್ಷೆ ಹೇಳುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು, ಬೇಗ ಮಾಡಿಸಿದರೆ ಗುಂಪಿಗೆ ಸೇರುವ ಮುಂಚಿನ ದಿನಗಳ ಲೆಕ್ಕವೂ ಅದರಲ್ಲಿ ಸೇರಿಕೊಂಡಿರುತ್ತದೆ.